ಪುಟ ಅರ್ಧಕ್ಕೆ ನಿಂತಾಗ ಬ್ರೌಸರ್ ಏನು ಮಾಡುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪುಟ ತೆರೆದುಕೊಳ್ಳುತ್ತಿರುವಾಗಲೇ ನೆಟ್ ಹೋಯಿತು. ಇಲ್ಲವೇ ಅವಸರದಲ್ಲಿ ನೀವೇ ನಿಲ್ಲಿಸಿದಿರಿ. ಪರದೆಯ ಮೇಲೆ ಅರ್ಧ ಪುಟ ಉಳಿದಿದೆ. ಈಗ ರಿಫ್ರೆಶ್ ಮಾಡಬೇಕಾ, ಕಾಯಬೇಕಾ, ಹಿಂದಕ್ಕೆ ಹೋಗಬೇಕಾ? ಸುದ್ದಿಯೋ ಲೇಖನವೋ ಆಗಿದ್ದರೆ ಹೇಗೆ ಮಾಡಿದರೂ ನಷ್ಟವಿಲ್ಲ. ಅರ್ಜಿ ಹಾಕುವಾಗ, ಬಿಲ್ ಕಟ್ಟುವಾಗ, ಟಿಕೆಟ್ ಬುಕ್ ಮಾಡುವಾಗ ಹೀಗಾದರೆ ಮಾತ್ರ ಸ್ವಲ್ಪ ಯೋಚಿಸಿ ಕೈ ಹಾಕಬೇಕು. ಬ್ರೌಸರ್‌ಗೆ ಏನೇನು ತಲುಪಿತು ಎಂಬುದನ್ನಷ್ಟೇ ನಿಮ್ಮ ಪರದೆ ತೋರಿಸುತ್ತದೆ. ಆ ಕಡೆ ಸರ್ವರ್‌ನಲ್ಲಿ, ಅಂದರೆ ಪುಟ ಕಳಿಸುವ ಕಂಪ್ಯೂಟರಿನಲ್ಲಿ, ಏನಾಯಿತು ಎಂಬುದು ಅದಕ್ಕೆ ಗೊತ್ತಿಲ್ಲ. ಕೆಳಗಿನ ಉತ್ತರಗಳನ್ನು ಓದುವಾಗ ಇದೊಂದು ಮಾತು ನೆನಪಿರಲಿ.

### ಪುಟ ಪೂರ್ತಿ ಬಂದಿಲ್ಲ. ಆದರೂ ಮೇಲಿನ ಭಾಗ ಓದಲು ಸಿಗುತ್ತದೆ. ಅದು ಹೇಗೆ?

ಪುಟ ಪೂರ್ತಿ ಬರಲಿ ಎಂದು ಬ್ರೌಸರ್ ಕಾಯುವುದಿಲ್ಲ. ಪುಟದ ಮೂಲ ಬರಹವಾದ ಎಚ್‌ಟಿಎಂಎಲ್ ತುಂಡು ತುಂಡಾಗಿ ಬರುತ್ತದೆ. ಬಂದ ತುಂಡನ್ನು ಬಂದ ಹಾಗೆ ಓದಿ, ಪರದೆಗೆ ಹಾಕುತ್ತಾ ಹೋಗುತ್ತದೆ. 1994ರಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ಬಂದಾಗ ಜನರಿಗೆ ಹಿಡಿಸಿದ ಗುಣಗಳಲ್ಲಿ ಇದೂ ಒಂದು. ಆಗಿನ ಡಯಲ್‌ಅಪ್ ವೇಗದಲ್ಲಿ ಚಿತ್ರಗಳು ಬರುವ ಮೊದಲೇ ಅಕ್ಷರ ಓದಲು ಸಿಗುವುದು ದೊಡ್ಡ ಅನುಕೂಲವಾಗಿತ್ತು.

ಮಧ್ಯದಲ್ಲಿ ಸಂಪರ್ಕ ಕಡಿದರೆ ತೆರೆದಿದ್ದ ಟ್ಯಾಗ್‌ಗಳು (ಪುಟದ ಭಾಗಗಳ ಆರಂಭ, ಕೊನೆ ತೋರಿಸುವ ಗುರುತುಗಳು) ಮುಚ್ಚದೆ ಹಾಗೇ ಉಳಿಯುತ್ತವೆ. ಪ್ಯಾರಾ ಮುಗಿದಿರುವುದಿಲ್ಲ, ಟೇಬಲ್ ಮುಗಿದಿರುವುದಿಲ್ಲ. ಬ್ರೌಸರ್ ಅದಕ್ಕೆ ತಕರಾರು ಮಾಡದೆ ಎಲ್ಲವನ್ನೂ ತಾನೇ ಮುಚ್ಚಿ, ಇರುವಷ್ಟನ್ನು ತೋರಿಸುತ್ತದೆ. ಇಂಥ ಅರೆಬರೆ ಎಚ್‌ಟಿಎಂಎಲ್ ಸಿಕ್ಕಿದಾಗ ಏನು ಮಾಡಬೇಕು ಎಂಬ ನಿಯಮವನ್ನು ಎಚ್‌ಟಿಎಂಎಲ್ ಮಾನದಂಡದಲ್ಲೇ ಬರೆದಿಟ್ಟಿದ್ದಾರೆ.

ಈ ಉದಾರತೆಯಲ್ಲಿ ಒಂದು ಅಪಾಯವೂ ಇದೆ. ಆಯ್ಕೆಯಾದವರ ಪಟ್ಟಿಯೊಂದನ್ನು ತೆರೆದಿದ್ದೀರಿ ಅಂದುಕೊಳ್ಳಿ. ಪಟ್ಟಿಯಲ್ಲಿ ಇರುವುದು 400 ಹೆಸರು, ನಿಮಗೆ ಬಂದದ್ದು 260. ಟೇಬಲ್ ಅಚ್ಚುಕಟ್ಟಾಗಿ ಮುಗಿದ ಹಾಗೇ ಕಾಣುತ್ತದೆ. ಕೊನೆಯಲ್ಲಿ ಗೆರೆ ಕೂಡ ಇರುತ್ತದೆ. ಉಳಿದ ಸಾಲುಗಳು ಬಂದೇ ಇಲ್ಲ ಅಂತ ಪುಟದಲ್ಲಿ ಎಲ್ಲೂ ಬರೆದಿರುವುದಿಲ್ಲ. ನಿಮ್ಮ ಹೆಸರು ಹುಡುಕುತ್ತೀರಿ, ಸಿಗುವುದಿಲ್ಲ, ಬೇಜಾರಾಗಿ ಮುಚ್ಚುತ್ತೀರಿ. ಆದ್ದರಿಂದ ಉದ್ದದ ಪಟ್ಟಿ ನೋಡುವಾಗ ಪುಟದ ತೀರಾ ಕೆಳಗೆ ಹೋಗಿ. ಸಂಸ್ಥೆಯ ಹೆಸರು, ಸಂಪರ್ಕ ವಿಳಾಸ ಇರುವ ಅಡಿಭಾಗ ಕಂಡರೆ ಪುಟ ಪೂರ್ತಿ ಬಂದಿದೆ ಅಂತ ಧೈರ್ಯವಾಗಿ ಹೇಳಬಹುದು. ಟೇಬಲ್ ಆದ ಕೂಡಲೇ ಪುಟ ಮುಗಿದಿದ್ದರೆ ಇನ್ನೊಮ್ಮೆ ತೆರೆದು ನೋಡಿ.

### ಪುಟ ಅರ್ಧ ಬಂದಿದೆ ಅಂತ ಬ್ರೌಸರ್‌ಗಾದರೂ ಗೊತ್ತಿರುತ್ತದೆಯೇ?

ಬಹಳಷ್ಟು ಸಲ ಗೊತ್ತಿರುತ್ತದೆ. ಇಷ್ಟು ಬೈಟ್ ಕಳಿಸುತ್ತೇನೆ ಅಂತ ಸರ್ವರ್ ಮೊದಲೇ ಹೇಳಿರುತ್ತದೆ. ಅಷ್ಟು ಬಾರದಿದ್ದರೆ ಲೆಕ್ಕ ತಪ್ಪಿತು ಅಂತ ತಿಳಿಯುತ್ತದೆ. ಒಟ್ಟು ಎಷ್ಟು ಅಂತ ಮೊದಲೇ ಹೇಳಲಾಗದ ಪುಟವನ್ನು ತುಂಡುಗಳಾಗಿ ಕಳಿಸಿ, ಕೊನೆಗೆ ಸೊನ್ನೆ ಉದ್ದದ ಒಂದು ತುಂಡು ಕಳಿಸುತ್ತಾರೆ. ಅದು ಬಂದರೆ ಮುಗಿಯಿತು ಎಂದರ್ಥ. ಬ್ರೌಸರ್, ಸರ್ವರ್ ಮಾತಾಡಿಕೊಳ್ಳುವ ನಿಯಮಗಳಿಗೆ ಎಚ್‌ಟಿಟಿಪಿ ಎನ್ನುತ್ತಾರೆ. ಅದರ ಎರಡನೇ ಆವೃತ್ತಿಯಾದ ಎಚ್‌ಟಿಟಿಪಿ 2ರಲ್ಲಿ ಮುಗಿಯಿತು ಎನ್ನಲು ಬೇರೆ ಗುರುತು ಇದೆ.

ತೊಂದರೆ ಏನೆಂದರೆ, ಬ್ರೌಸರ್ ಇದನ್ನು ನಿಮಗೆ ಹೇಳುವುದಿಲ್ಲ. ಸೈಟ್ ಮಾಡುವವರಿಗೆಂದು ಬ್ರೌಸರ್‌ನಲ್ಲಿರುವ ಡೆವಲಪರ್ ಟೂಲ್ಸ್ ತೆರೆದು ಕನ್ಸೋಲ್ ನೋಡಿದರೆ ಕೆಂಪು ಸಾಲೊಂದು ಕಾಣುತ್ತದೆ, ಅಷ್ಟೇ. ಅದನ್ನು ಯಾರು ತೆರೆದು ನೋಡುತ್ತಾರೆ? ಪುಟದ ಮೇಲ್ತುದಿಯಲ್ಲಿ ಒಂದು ಸಣ್ಣ ಪಟ್ಟಿ ಹಾಕಿ 'ಈ ಪುಟ ಪೂರ್ತಿ ಬಂದಿಲ್ಲ' ಅಂತ ತೋರಿಸಿದ್ದರೆ ಎಷ್ಟೋ ಜನರಿಗೆ ಉಪಕಾರವಾಗುತ್ತಿತ್ತು. ಇಷ್ಟು ವರ್ಷವಾದರೂ ಅದನ್ನು ಮಾಡದಿರುವುದು ಬ್ರೌಸರ್‌ಗಳ ಕೊರತೆ ಎಂದೇ ನನ್ನ ಅಭಿಪ್ರಾಯ.

### ಲೋಡ್ ಆಗುವಾಗ ಸ್ಟಾಪ್ ಒತ್ತಿದರೆ ಏನಾಗುತ್ತದೆ?

ಯಾವಾಗ ಒತ್ತಿದಿರಿ ಎಂಬುದರ ಮೇಲೆ ನಿಂತಿದೆ.

ಲಿಂಕ್ ಒತ್ತಿದ ತಕ್ಷಣ ಹಳೆಯ ಪುಟ ಮಾಯವಾಗುವುದಿಲ್ಲ. ಬ್ರೌಸರ್ ಮೊದಲು ಸರ್ವರ್‌ನ ವಿಳಾಸ ಹುಡುಕುತ್ತದೆ, ಸಂಪರ್ಕ ಮಾಡುತ್ತದೆ, ಪುಟ ಬೇಕು ಅಂತ ಕೇಳುತ್ತದೆ. ಆ ಕಡೆಯಿಂದ ಉತ್ತರ ಶುರುವಾಗುವ ತನಕ ಹಳೆಯ ಪುಟವೇ ಪರದೆಯ ಮೇಲಿರುತ್ತದೆ. ಅಷ್ಟರೊಳಗೆ ಸ್ಟಾಪ್ ಅಥವಾ ಎಸ್ಕೇಪ್ ಕೀ ಒತ್ತಿದರೆ ನೀವು ಎಲ್ಲಿದ್ದಿರೋ ಅಲ್ಲೇ ಉಳಿಯುತ್ತೀರಿ. ಅರ್ಧ ತುಂಬಿದ್ದ ಫಾರ್ಮ್ ಕೂಡ ಹಾಗೇ ಇರುತ್ತದೆ.

ಉತ್ತರ ಬರಲು ಶುರುವಾದ ಮೇಲೆ ಬ್ರೌಸರ್ ಹಳೆಯ ಪುಟವನ್ನು ಬಿಟ್ಟು ಹೊಸದಕ್ಕೆ ಬಂದಾಗಿರುತ್ತದೆ. ಈಗ ಸ್ಟಾಪ್ ಒತ್ತಿದರೆ ಹೊಸ ಪುಟ ಎಲ್ಲಿವರೆಗೆ ಬಂದಿತ್ತೋ ಅಲ್ಲಿಗೆ ನಿಲ್ಲುತ್ತದೆ. ಬರಬೇಕಿದ್ದ ಚಿತ್ರ, ಸ್ಟೈಲ್, ಸ್ಕ್ರಿಪ್ಟ್‌ಗಳ ಬೇಡಿಕೆ ರದ್ದಾಗುತ್ತದೆ. ಆಗಲೇ ಬಂದು ಕೆಲಸ ಶುರು ಮಾಡಿರುವ ಸ್ಕ್ರಿಪ್ಟ್ ಮಾತ್ರ ಓಡುತ್ತಲೇ ಇರಬಹುದು.

ಯಾವ ಹಂತದಲ್ಲಿದ್ದೇವೆ ಅಂತ ತಿಳಿಯುವುದು ಹೇಗೆ? ಕಂಪ್ಯೂಟರಿನಲ್ಲಿ ಕ್ರೋಮ್ ಬಳಸುವವರು ಟ್ಯಾಬ್‌ನಲ್ಲಿ ಸುತ್ತುವ ಚಿಕ್ಕ ಚಕ್ರವನ್ನು ಗಮನಿಸಿ. ಉತ್ತರಕ್ಕಾಗಿ ಕಾಯುತ್ತಿರುವಾಗ ಅದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಪುಟ ಬರಲು ಶುರುವಾದ ಮೇಲೆ ಮುಳ್ಳಿನ ದಿಕ್ಕಿಗೇ ತಿರುಗುತ್ತದೆ.

### ಸ್ಟಾಪ್ ಒತ್ತಿದರೆ ಸರ್ವರ್‌ನಲ್ಲಿ ಕೆಲಸವೂ ನಿಲ್ಲುತ್ತದೆ, ಅಲ್ವಾ?

ಇಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ಸ್ಟಾಪ್ ಎಂದರೆ 'ಇನ್ನು ನನಗೆ ಉತ್ತರ ಬೇಡ' ಎಂದರ್ಥ. 'ನಾನು ಕೇಳಿದ್ದನ್ನು ಮಾಡಬೇಡ' ಎಂದಲ್ಲ. ಪೋಸ್ಟ್ ಡಬ್ಬಕ್ಕೆ ಕಾಗದ ಹಾಕಿ ಬಂದವರು ಆಮೇಲೆ ಮನೆ ಬಾಗಿಲು ಹಾಕಿಕೊಂಡರೂ ಕಾಗದ ಹೋಗುತ್ತದೆ.

ಸರ್ವರ್ ಕಡೆ ಆಗುವುದು ಹೀಗೆ. ನಿಮ್ಮ ಬೇಡಿಕೆ ತಲುಪಿದ ಕೂಡಲೇ ಪ್ರೋಗ್ರಾಂ ಓಡುತ್ತದೆ, ಡೇಟಾಬೇಸ್‌ಗೆ ಬರೆಯುತ್ತದೆ, ಆಮೇಲೆ ಉತ್ತರ ಕಳಿಸುತ್ತದೆ. ನೀವು ಹೊರಟುಹೋಗಿದ್ದೀರಿ ಎಂದು ಎಷ್ಟೋ ಪ್ರೋಗ್ರಾಂಗಳಿಗೆ ತಿಳಿಯುವುದು ಉತ್ತರ ಕಳಿಸಲು ಹೋದಾಗಲೇ. ಸೈಟುಗಳನ್ನು ಬರೆಯಲು ಬಳಸುವ ಪಿಎಚ್‌ಪಿ ಭಾಷೆ ಇದಕ್ಕೆ ಒಳ್ಳೆಯ ಉದಾಹರಣೆ. ಅಷ್ಟರಲ್ಲಿ ಡೇಟಾಬೇಸ್‌ನಲ್ಲಿ ನಿಮ್ಮ ಅರ್ಜಿ ದಾಖಲಾಗಿರುತ್ತದೆ. ಎಂಜಿನ್‌ಎಕ್ಸ್ ಎಂಬ ಸರ್ವರ್ ಪ್ರೋಗ್ರಾಂನ ಲಾಗ್, ಅಂದರೆ ದಿನಚರಿ ಕಡತ, ನೋಡಿದವರಿಗೆ 499 ಎಂಬ ಸಂಖ್ಯೆ ಪರಿಚಯ. ಉತ್ತರ ಕೊಡುವ ಮೊದಲೇ ಗ್ರಾಹಕ ಸಂಪರ್ಕ ಮುಚ್ಚಿದ ಎಂಬುದಕ್ಕೆ ಅದು ಇಟ್ಟಿರುವ ಗುರುತು. ಆ ಸಾಲು ಇದ್ದ ಮಾತ್ರಕ್ಕೆ ಕೆಲಸ ಆಗಿಲ್ಲ ಎಂದೇನೂ ಹೇಳಲಾಗದು.

ನೆಟ್ ತಾನಾಗಿ ಹೋದಾಗಲೂ ಇದೇ ಕಥೆ. ಬೇಡಿಕೆ ಹೋಗುವ ದಾರಿಯಲ್ಲಿ ಕಡಿದಿದ್ದರೆ ಸರ್ವರ್‌ಗೆ ಏನೂ ತಲುಪಿಲ್ಲ. ಉತ್ತರ ಬರುವ ದಾರಿಯಲ್ಲಿ ಕಡಿದಿದ್ದರೆ ಕೆಲಸ ಆಗಿಹೋಗಿದೆ. ನಿಮ್ಮ ಪರದೆಯಲ್ಲಿ ಎರಡೂ ಒಂದೇ ತರ ಕಾಣುತ್ತವೆ.

### ದುಡ್ಡು ಕಟ್ಟುವಾಗ ಪುಟ ನಿಂತುಹೋಯಿತು. ಈಗ ಏನು ಮಾಡಲಿ?

ಮೊದಲು, ಮತ್ತೆ ಕಟ್ಟಬೇಡಿ. ರಿಫ್ರೆಶ್ ಕೂಡ ಬೇಡ.

ಬ್ಯಾಂಕಿನಿಂದ ಮೆಸೇಜ್ ಬಂದಿದೆಯಾ ನೋಡಿ. ಮೆಸೇಜ್ ತಡವಾಗಬಹುದು, ಆದ್ದರಿಂದ ಬ್ಯಾಂಕ್ ಆ್ಯಪ್ ಅಥವಾ ಯುಪಿಐ ಆ್ಯಪ್‌ನಲ್ಲಿ ವಹಿವಾಟಿನ ಪಟ್ಟಿಯನ್ನೇ ತೆರೆಯಿರಿ. ಆಮೇಲೆ ಬೇರೆ ಟ್ಯಾಬ್‌ನಲ್ಲಿ ಆ ಸೈಟಿಗೆ ಹೊಸದಾಗಿ ಹೋಗಿ, ಲಾಗಿನ್ ಆಗಿ, ನಿಮ್ಮ ಅರ್ಜಿ ಅಥವಾ ಆರ್ಡರ್ ಯಾವ ಸ್ಥಿತಿಯಲ್ಲಿದೆ ನೋಡಿ. ನಿಂತುಹೋದ ಪುಟವನ್ನು ಮುಚ್ಚದೆ ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಅದರಲ್ಲಿ ವಹಿವಾಟಿನ ಸಂಖ್ಯೆ ಇದ್ದರೆ ದೂರು ಕೊಡುವಾಗ ಬೇಕಾಗುತ್ತದೆ.

ದುಡ್ಡು ಕಟ್ ಆಗಿದೆ, ಆದರೆ ಅಂಗಡಿಯವರ ಅಥವಾ ಸೈಟಿನ ಕಡೆ ಬಂದಿಲ್ಲ ಅಂತ ತೋರಿಸಿದರೆ ಗಾಬರಿ ಬೇಡ. ಇಂಥದ್ದಕ್ಕೆ ಭಾರತೀಯ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ನಿಯಮ ಮಾಡಿದೆ. ಖಾತೆಯಿಂದ ಹಣ ಹೋಗಿ ವ್ಯಾಪಾರಿಗೆ ದೃಢೀಕರಣ ತಲುಪದಿದ್ದರೆ, ವಹಿವಾಟಿನ ದಿನ ಬಿಟ್ಟು 5 ದಿನದೊಳಗೆ ಹಣ ತಾನಾಗಿ ವಾಪಸ್ ಬರಬೇಕು. ಯುಪಿಐಗೂ, ಆನ್‌ಲೈನ್‌ನಲ್ಲಿ ಕಾರ್ಡ್ ಬಳಸಿ ಕಟ್ಟಿದ್ದಕ್ಕೂ ಇದು ಅನ್ವಯ. ಯುಪಿಐ ಮೂಲಕ ಒಬ್ಬರಿಗೆ ಕಳಿಸಿದ ಹಣ ಅವರಿಗೆ ಜಮಾ ಆಗದಿದ್ದರೆ ಗಡುವು ಒಂದೇ ದಿನ. ಗಡುವು ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು, ಅದೂ ನೀವು ಕೇಳುವ ಮೊದಲೇ. ಈ ನಿಯಮ ಗೊತ್ತಿರುವವರು ಕಡಿಮೆ. ಮನೆಯಲ್ಲಿ ಹಿರಿಯರಿದ್ದರೆ ಅವರಿಗೂ ತಿಳಿಸಿ. 

### ರಿಫ್ರೆಶ್ ಒತ್ತಿದರೆ 'ಫಾರ್ಮ್ ಮತ್ತೆ ಕಳಿಸಬೇಕೇ' ಅಂತ ಕೇಳುತ್ತದೆ. ಯಾಕೆ?

ಬ್ರೌಸರ್ ಕಳಿಸುವ ಬೇಡಿಕೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಸುಮ್ನೆ ಪುಟ ತೋರಿಸು ಎನ್ನುವುದು ಗೆಟ್. ಈ ವಿವರ ತಗೊಂಡು ಏನಾದರೂ ಮಾಡು ಎನ್ನುವುದು ಪೋಸ್ಟ್. ಗೆಟ್ ಅನ್ನು ಹತ್ತು ಸಲ ಕಳಿಸಿದರೂ ಪುಟ ಹತ್ತು ಸಲ ಬರುತ್ತದೆ, ಅಷ್ಟೇ. ಆದ್ದರಿಂದ ಸಂಪರ್ಕ ಕಡಿದರೆ ಬ್ರೌಸರ್ ಕೆಲವೊಮ್ಮೆ ನಿಮಗೆ ಹೇಳದೆಯೇ ಇನ್ನೊಮ್ಮೆ ಕೇಳಿ ತರುತ್ತದೆ. ಪೋಸ್ಟ್ ಎರಡು ಸಲ ಹೋದರೆ ಅರ್ಜಿ ಎರಡಾಗಬಹುದು, ಆರ್ಡರ್ ಎರಡಾಗಬಹುದು. ಹಾಗಾಗಿ ಅದನ್ನು ತಾನಾಗಿ ಮತ್ತೆ ಕಳಿಸಬಾರದು ಎಂದು ಎಚ್‌ಟಿಟಿಪಿ ಮಾನದಂಡ ಹೇಳುತ್ತದೆ. ಅದಕ್ಕೇ ನಿಮ್ಮನ್ನು ಕೇಳುವುದು.

ಆ ಪ್ರಶ್ನೆ ಬಂದಾಗ 'ರದ್ದು' ಒತ್ತಿ. ಮೊದಲ ಸಲ ಹೋಗಿದೆಯಾ ಅಂತ ಬೇರೆ ಟ್ಯಾಬ್‌ನಲ್ಲಿ ನೋಡಿ. ಹೋಗಿಲ್ಲ ಅಂತ ಖಾತ್ರಿಯಾದ ಮೇಲೆ 'ಮುಂದುವರಿಸು' ಒತ್ತಬಹುದು.

ಸರಿಯಾಗಿ ಕಟ್ಟಿದ ಸೈಟುಗಳಲ್ಲಿ ಈ ಪ್ರಶ್ನೆ ಬರುವುದೇ ಕಡಿಮೆ. ಅರ್ಜಿ ಸಿಕ್ಕಿದ ಕೂಡಲೇ ಸರ್ವರ್ ನಿಮ್ಮನ್ನು ಇನ್ನೊಂದು ಪುಟಕ್ಕೆ ಕಳಿಸುತ್ತದೆ. ಅದು ಗೆಟ್ ಪುಟ. ಅದನ್ನು ಎಷ್ಟು ಸಲ ರಿಫ್ರೆಶ್ ಮಾಡಿದರೂ ಅರ್ಜಿ ಮತ್ತೆ ಹೋಗುವುದಿಲ್ಲ.

### ಒಟಿಪಿ ನೋಡಲು ಮೆಸೇಜ್‌ಗೆ ಹೋಗಿ ಬರುವಷ್ಟರಲ್ಲಿ ಪುಟ ಮೊದಲಿಂದ ಲೋಡ್ ಆಗುತ್ತದೆ. ತುಂಬಿದ್ದೆಲ್ಲ ಹೋಯಿತು. ಇದು ನೆಟ್ ಸಮಸ್ಯೆಯೇ?

ಅಲ್ಲ, ಮೆಮೊರಿ ಸಮಸ್ಯೆ. ಫೋನಿನಲ್ಲಿ ರ್‍ಯಾಮ್ ಕಡಿಮೆ ಇದ್ದರೆ, ನೀವು ಬೇರೆ ಆ್ಯಪ್‌ಗೆ ಹೋದ ಕೂಡಲೇ ಹಿಂದೆ ಉಳಿದ ಟ್ಯಾಬನ್ನು ಮೆಮೊರಿಯಿಂದ ತೆಗೆದುಹಾಕುತ್ತದೆ. ವಾಪಸ್ ಬಂದಾಗ ಬ್ರೌಸರ್ ಹತ್ತಿರ ಉಳಿದಿರುವುದು ಪುಟದ ವಿಳಾಸ ಮತ್ತು ಒಂದಷ್ಟು ಗುರುತು ಮಾತ್ರ. ಅದನ್ನು ಹಿಡಿದು ಪುಟವನ್ನು ಹೊಸದಾಗಿ ತರಿಸುತ್ತದೆ. ಫಾರ್ಮಿನಲ್ಲಿ ಬರೆದದ್ದು ಕೆಲವೊಮ್ಮೆ ಉಳಿಯುತ್ತದೆ, ಬಹಳ ಸಲ ಹೋಗುತ್ತದೆ. ಪಾಸ್‌ವರ್ಡ್ ಅಂತೂ ಉಳಿಯುವುದಿಲ್ಲ, ಅಪ್‌ಲೋಡ್‌ಗೆ ಆರಿಸಿದ್ದ ಫೋಟೊ ಉಳಿಯುತ್ತದೆ ಅಂತ ನಂಬುವ ಹಾಗಿಲ್ಲ.

ದೊಡ್ಡ ಅರ್ಜಿ ತುಂಬುವಾಗ ಮೊದಲೇ ಉಳಿದ ಆ್ಯಪ್‌ಗಳನ್ನೂ ಬೇಡದ ಟ್ಯಾಬ್‌ಗಳನ್ನೂ ಮುಚ್ಚಿ. ಒಟಿಪಿ ಬಂದಾಗ ಮೆಸೇಜ್ ಆ್ಯಪ್ ತೆರೆಯಬೇಡಿ. ಪರದೆಯ ಮೇಲಿನಿಂದ ನೋಟಿಫಿಕೇಶನ್ ಎಳೆದು ಅಲ್ಲೇ ಓದಿ. ಉದ್ದದ ಉತ್ತರ ಬರೆಯುವ ಜಾಗ ಇದ್ದರೆ ಅದನ್ನು ನೋಟ್ಸ್‌ನಲ್ಲಿ ಬರೆದು, ಆಮೇಲೆ ಕಾಪಿ ಮಾಡಿ ಹಾಕಿ.

### ಪುಟ ಬಂತು, ಆದರೆ ಬಟನ್ ಒತ್ತಿದರೆ ಏನೂ ಆಗುವುದಿಲ್ಲ

ಕಣ್ಣಿಗೆ ಕಾಣುವ ಬಟನ್ ಎಚ್‌ಟಿಎಂಎಲ್‌ನಲ್ಲಿ ಬಂದಿದೆ. ಒತ್ತಿದಾಗ ಏನು ಮಾಡಬೇಕು ಎಂದು ಹೇಳುವ ಜಾವಾಸ್ಕ್ರಿಪ್ಟ್ ಇನ್ನೂ ಬಂದಿಲ್ಲ. ಎಚ್‌ಟಿಎಂಎಲ್ ಅರ್ಧ ಬಂದರೂ ಅರ್ಧ ತೋರಿಸಬಹುದು. ಸ್ಕ್ರಿಪ್ಟ್ ಹಾಗಲ್ಲ. ಅದರ ಕಡತ ಬರುವಾಗ ಮಧ್ಯದಲ್ಲಿ ಕಡಿದದ್ದು ಗೊತ್ತಾದರೆ ಬ್ರೌಸರ್ ಅದನ್ನು ಓಡಿಸುವುದೇ ಇಲ್ಲ. ಅರ್ಧ ಪ್ರೋಗ್ರಾಂ ಓಡಿಸುವುದು ಅಪಾಯ, ಅಲ್ವಾ?

ಈಚಿನ ಹಲವು ಸೈಟುಗಳಲ್ಲಿ ಎಚ್‌ಟಿಎಂಎಲ್ ಎಂಬುದು ಖಾಲಿ ಚೌಕಟ್ಟು ಮಾತ್ರ. ಬರಹ, ಮೆನು, ಬಟನ್ ಎಲ್ಲವನ್ನೂ ಸ್ಕ್ರಿಪ್ಟೇ ಕಟ್ಟುತ್ತದೆ. ಅಂಥ ಕಡೆ ಸ್ಕ್ರಿಪ್ಟ್ ಬಾರದಿದ್ದರೆ ಪೂರ್ತಿ ಬಿಳಿ ಪರದೆ. ನಿಧಾನ ನೆಟ್ ಇರುವ ಊರಿನವರಿಗೆ ಇದು ನಿಜವಾಗಿ ಅನ್ಯಾಯ. ಹಳೆಯ ಬಗೆಯ ಪುಟದಲ್ಲಿ ಅರ್ಧವಾದರೂ ಓದಲು ಸಿಗುತ್ತಿತ್ತು.

ಬಟನ್ ಕೆಲಸ ಮಾಡದಿದ್ದಾಗ ಅದನ್ನೇ ಪಟಪಟ ಒತ್ತುತ್ತಾ ಹೋಗಬೇಡಿ. ಫಾರ್ಮ್ ಇನ್ನೂ ತುಂಬಿಲ್ಲವಾದರೆ ರಿಫ್ರೆಶ್ ಮಾಡಿ, ಚಕ್ರ ಸುತ್ತುವುದು ನಿಂತ ಮೇಲೆ ಶುರು ಮಾಡಿ.

### ಬಣ್ಣ, ಅಂಕಣ ಏನೂ ಇಲ್ಲದೆ ಬರೀ ಅಕ್ಷರಗಳ ಪುಟ ಬಂದಿದೆ. ಯಾಕೆ?

ಪುಟದ ಅಂದ, ಜೋಡಣೆ ಹೇಗಿರಬೇಕು ಎಂದು ಹೇಳುವ ಸಿಎಸ್‌ಎಸ್ ಕಡತ ಬಂದಿಲ್ಲ. ಸಾಮಾನ್ಯವಾಗಿ ಬ್ರೌಸರ್ ಅದು ಬರುವವರೆಗೆ ಪುಟ ತೋರಿಸದೆ ಕಾಯುತ್ತದೆ. ಅದು ವಿಫಲವಾಯಿತು ಅಂತ ಗೊತ್ತಾದ ಮೇಲೆ ಇದ್ದ ಹಾಗೇ ತೋರಿಸುತ್ತದೆ. ಓದುವುದಷ್ಟೇ ಬೇಕಿದ್ದರೆ ಹಾಗೇ ಓದಬಹುದು, ತೊಂದರೆ ಇಲ್ಲ.

### ಅರ್ಧ ಬಂದ ಪುಟದಲ್ಲಿ ಕನ್ನಡ ಅಕ್ಷರದ ಬದಲು ಪ್ರಶ್ನೆ ಚಿಹ್ನೆಯ ಚೌಕ ಕಾಣುತ್ತದೆ

ಇಂದು ಕನ್ನಡದ ಬಹುತೇಕ ಪುಟಗಳು ಯುಟಿಎಫ್-8 ಎಂಬ ಎನ್‌ಕೋಡಿಂಗ್‌ನಲ್ಲಿ, ಅಂದರೆ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಪದ್ಧತಿಯಲ್ಲಿ, ಬರುತ್ತವೆ. ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು. 'ಸ್ತ್ರೀ' ಎಂಬುದನ್ನು ನೋಡಿ. ಕಣ್ಣಿಗೆ ಒಂದೇ ಅಕ್ಷರ. ಒಳಗೆ ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರ ಅಂತ 6 ಚಿಹ್ನೆಗಳಿವೆ. ಒಟ್ಟು 18 ಬೈಟ್.

ತುಂಡುಗಳು ಬರುವಾಗ ಒಂದು ತುಂಡಿನ ಕೊನೆ ಅಕ್ಷರದ ನಡುವೆಯೇ ಬೀಳಬಹುದು. ಬ್ರೌಸರ್ ಆಗ ಬಂದ ಒಂದೆರಡು ಬೈಟನ್ನು ಕೈಯಲ್ಲಿ ಇಟ್ಟುಕೊಂಡು ಮುಂದಿನದಕ್ಕೆ ಕಾಯುತ್ತದೆ. ಮುಂದಿನದು ಬಾರದೆ ಸಂಪರ್ಕವೇ ಮುಗಿದರೆ, ಆ ಅರೆಬರೆ ಬೈಟುಗಳ ಜಾಗದಲ್ಲಿ ಪ್ರಶ್ನೆ ಚಿಹ್ನೆ ಇರುವ ಗುರುತು ಹಾಕುತ್ತದೆ. ಚಿಹ್ನೆಗಳ ನಡುವೆ ಸರಿಯಾಗಿ ಕಡಿದಿದ್ದರೆ ಬೇರೆ ತರ ಕಾಣುತ್ತದೆ. 'ಸ್ತ್ರೀ' ಎಂಬುದು 'ಸ್ತ್' ಆಗಿ ನಿಲ್ಲುತ್ತದೆ. ಪುಟದ ಕೊನೆಯ ಪದ ಹೀಗೆ ಮುರಿದಿದ್ದರೆ ಪುಟ ಪೂರ್ತಿ ಬಂದಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ.

ಪುಟದುದ್ದಕ್ಕೂ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳೇ ತುಂಬಿದ್ದರೆ ಅದು ಬೇರೆ ಸಮಸ್ಯೆ. ಪುಟ ಯಾವ ಎನ್‌ಕೋಡಿಂಗ್‌ನಲ್ಲಿದೆ ಎಂದು ಬ್ರೌಸರ್‌ಗೆ ತಿಳಿದಿಲ್ಲ. ಇಲ್ಲವೇ ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಹಳೆಯ ಪುಟ ಇರಬಹುದು. ಅಂಥ ಪುಟದಲ್ಲಿ ಫಾಂಟ್ ಬಾರದಿದ್ದರೆ ಕನ್ನಡ ಕಾಣುವುದೇ ಇಲ್ಲ.

ಇನ್ನೊಂದು ಬಗೆ ಇದೆ. ಪುಟ ಬಂದಿದೆ, ಚಿತ್ರ ಬಂದಿದೆ, ಅಕ್ಷರದ ಜಾಗ ಮಾತ್ರ ಖಾಲಿ. ಸೈಟಿನವರು ತಮ್ಮದೇ ಫಾಂಟ್ ಇಟ್ಟಿದ್ದಾರೆ, ಅದು ಇನ್ನೂ ಬರುತ್ತಾ ಇದೆ. ಸೈಟಿನವರು ಬೇರೆ ಏನೂ ಹೇಳದಿದ್ದರೆ ಕ್ರೋಮ್, ಫೈರ್‌ಫಾಕ್ಸ್ ಸುಮಾರು 3 ಸೆಕೆಂಡು ಕಾದು, ಆಮೇಲೆ ಫೋನಿನಲ್ಲಿರುವ ಫಾಂಟಿನಲ್ಲಿ ತೋರಿಸುತ್ತವೆ.

### ಚಿತ್ರ ಅರ್ಧ ಬಂದು ಕೆಳಗೆಲ್ಲ ಬೂದು ಬಣ್ಣ. ಇನ್ನು ಕೆಲವು ಪೂರ್ತಿ ಬಂದಿವೆ, ಆದರೆ ಮಸುಕು

ಎರಡೂ ಜೆಪೆಗ್ ಚಿತ್ರಗಳೇ. ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ಜೋಡಿಸಿದ್ದರೆ ಮೊದಲನೆಯ ತರ ಕಾಣುತ್ತದೆ. ಮೊದಲು ಇಡೀ ಚಿತ್ರದ ಒರಟು ರೂಪ, ಆಮೇಲೆ ವಿವರ ಅಂತ ಜೋಡಿಸಿದ್ದರೆ ಎರಡನೆಯ ತರ. ಚಿತ್ರದ ಮೇಲೆ ಒತ್ತಿ ಹಿಡಿದು ಅದನ್ನು ಬೇರೆ ಟ್ಯಾಬ್‌ನಲ್ಲಿ ತೆರೆದರೆ ಪುಟ ಕದಲಿಸದೆ ಚಿತ್ರವನ್ನಷ್ಟೇ ತರಿಸಬಹುದು.

### ಬ್ರೌಸರ್ ಎಷ್ಟು ಹೊತ್ತು ಕಾಯುತ್ತದೆ?

ನಾವು ಕಾಯುವುದಕ್ಕಿಂತ ಜಾಸ್ತಿ. ಫೈರ್‌ಫಾಕ್ಸ್ ಸಂಪರ್ಕ ಸಿಗಲು 90 ಸೆಕೆಂಡು ಕಾಯುತ್ತದೆ. ಸಂಪರ್ಕ ಸಿಕ್ಕಿಯೂ ಉತ್ತರ ಬಾರದಿದ್ದರೆ 300 ಸೆಕೆಂಡು, ಅಂದರೆ 5 ನಿಮಿಷ.

ಅದಕ್ಕಿಂತ ಮೊದಲು ಸರ್ವರ್ ಕಡೆಯವರೇ ಕೈಬಿಡುವುದುಂಟು. ಮುಂದೆ ನಿಂತಿರುವ ಸರ್ವರ್ ಹಿಂದಿನ ಸರ್ವರ್‌ಗೆ ಕಾದು ಕಾದು ಬೇಸತ್ತು 504 ಎಂಬ ಸಂದೇಶ ಕಳಿಸುತ್ತದೆ. ಎಂಜಿನ್‌ಎಕ್ಸ್‌ನಲ್ಲಿ ಬೇರೆ ಏನೂ ಹೊಂದಿಸದಿದ್ದರೆ ಈ ಕಾಯುವಿಕೆ 60 ಸೆಕೆಂಡು. 504 ಬಂದಾಗಲೂ ಹಿಂದಿನ ಸರ್ವರ್ ಕೆಲಸ ಮಾಡುತ್ತಲೇ ಇರಬಹುದು. ಅರ್ಜಿ ಹಾಕುವಾಗ 504 ಬಂದರೆ ದುಡ್ಡಿನ ವಿಷಯದಲ್ಲಿ ಹೇಳಿದ ಎಚ್ಚರಿಕೆಯೇ ಇಲ್ಲಿಗೂ ಬೇಕು.

### ದೋಷದ ಸಂದೇಶಗಳಲ್ಲಿ ಯಾವುದು ನಮ್ಮ ತೊಂದರೆ, ಯಾವುದು ಅವರದು?

'ಇಂಟರ್ನೆಟ್ ಡಿಸ್‌ಕನೆಕ್ಟೆಡ್' ಅಂದರೆ ನಿಮ್ಮ ಸಾಧನಕ್ಕೆ ನೆಟ್ಟೇ ಇಲ್ಲ. 'ನೇಮ್ ನಾಟ್ ರಿಸಾಲ್ವ್ಡ್' ಅಂದರೆ ಆ ಹೆಸರಿನ ಸರ್ವರ್‌ನ ವಿಳಾಸ ಸಿಗಲಿಲ್ಲ. ಹೆಸರು ತಪ್ಪಾಗಿ ಟೈಪ್ ಮಾಡಿರಬಹುದು, ಇಲ್ಲವೇ ನಿಮ್ಮ ನೆಟ್‌ನಲ್ಲಿ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಕೈಕೊಟ್ಟಿರಬಹುದು. 'ಕನೆಕ್ಷನ್ ರೆಫ್ಯೂಸ್ಡ್' ಅಂದರೆ ಯಂತ್ರ ಸಿಕ್ಕಿತು, ಆದರೆ ಅಲ್ಲಿ ಸೈಟ್ ಓಡುತ್ತಿಲ್ಲ. ಈ ಮೂರರಲ್ಲೂ ನಿಮ್ಮ ಬೇಡಿಕೆ ಸರ್ವರ್‌ಗೆ ಹೋಗಿಯೇ ಇಲ್ಲ. ನಿಶ್ಚಿಂತೆಯಿಂದ ಮತ್ತೆ ಪ್ರಯತ್ನಿಸಬಹುದು.

'ಕನೆಕ್ಷನ್ ರೀಸೆಟ್', 'ಎಂಪ್ಟಿ ರೆಸ್ಪಾನ್ಸ್', 'ನೆಟ್‌ವರ್ಕ್ ಚೇಂಜ್ಡ್' ಬಂದರೆ ಹಾಗೆ ಹೇಳಲಾಗದು. ಬೇಡಿಕೆ ಹೋದ ಮೇಲೂ ಇವು ಬರಬಹುದು.

### ರೈಲಿನಲ್ಲಿ ಸುರಂಗ ದಾಟಿ ಸಿಗ್ನಲ್ ಬಂದರೂ ಪುಟ ನಿಂತಲ್ಲೇ ನಿಂತಿರುತ್ತದೆ. ಯಾಕೆ?

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಇಳಿಯುವ ಘಾಟಿಯಲ್ಲಿ 50ಕ್ಕೂ ಹೆಚ್ಚು ಸುರಂಗಗಳಿವೆ. ಅಲ್ಲಿ ಓಡಾಡಿದವರಿಗೆ ಇದು ಚೆನ್ನಾಗಿ ಗೊತ್ತು.

ಹೆಚ್ಚಿನ ಪುಟಗಳು ಟಿಸಿಪಿ ಎಂಬ ವಿಧಾನದಲ್ಲಿ ಬರುತ್ತವೆ. ಕಳಿಸಿದ್ದು ತಲುಪಿತು ಎಂಬ ಮರುಮಾತು ಬಾರದಿದ್ದರೆ ಸರ್ವರ್ ಸ್ವಲ್ಪ ಕಾದು ಮತ್ತೆ ಕಳಿಸುತ್ತದೆ. ಆಗಲೂ ಬಾರದಿದ್ದರೆ ಎರಡರಷ್ಟು ಕಾಯುತ್ತದೆ. ಮುಂದಿನ ಸಲ ಅದರ ಎರಡರಷ್ಟು. ಜಾಲದ ಮೇಲೆ ಒತ್ತಡ ಹೆಚ್ಚಿಸಬಾರದು ಎಂಬ ಒಳ್ಳೆಯ ಉದ್ದೇಶಕ್ಕೆ ಈ ನಿಯಮ. ಆದರೆ ನೀವು ಸುರಂಗದಿಂದ ಹೊರಗೆ ಬಂದದ್ದು ಅದಕ್ಕೆ ಗೊತ್ತಿಲ್ಲ. ತನ್ನ ಸರದಿ ಬರುವವರೆಗೆ ಸುಮ್ಮನಿರುತ್ತದೆ. ಆಗ ಸ್ಟಾಪ್ ಒತ್ತಿ ಮತ್ತೆ ತೆರೆದರೆ ಪುಟ ಬೇಗ ಬರುವುದುಂಟು. ಓದುವ ಪುಟಕ್ಕೆ ಮಾತ್ರ ಈ ಉಪಾಯ.

ವೈ-ಫೈ ಬಿಟ್ಟು ಮೊಬೈಲ್ ಡೇಟಾಗೆ ಬಂದಾಗ ಆಗುವುದು ಬೇರೆ. ಟಿಸಿಪಿ ಸಂಪರ್ಕ ನೆಟ್‌ನಲ್ಲಿ ನಿಮ್ಮ ಸಾಧನಕ್ಕಿರುವ ಐಪಿ ವಿಳಾಸಕ್ಕೆ ಅಂಟಿಕೊಂಡಿರುತ್ತದೆ. ವಿಳಾಸ ಬದಲಾದರೆ ಸಂಪರ್ಕ ಸತ್ತಂತೆ. 2021ರ ಮೇ ತಿಂಗಳಲ್ಲಿ ಮಾನದಂಡವಾದ ಕ್ವಿಕ್ ಎಂಬ ಹೊಸ ವಿಧಾನ, ಅದರ ಮೇಲೆ 2022ರ ಜೂನ್‌ನಲ್ಲಿ ಬಂದ ಎಚ್‌ಟಿಟಿಪಿ 3 ಇದಕ್ಕೆ ದಾರಿ ಮಾಡಿವೆ. ಕ್ವಿಕ್ ಪ್ರತಿ ಸಂಪರ್ಕಕ್ಕೂ ಒಂದು ಗುರುತಿನ ಸಂಖ್ಯೆ ಕೊಡುತ್ತದೆ. ವಿಳಾಸ ಬದಲಾದರೂ ಆ ಸಂಖ್ಯೆ ಹಿಡಿದು ಮುಂದುವರಿಯಬಹುದು. ಬ್ರೌಸರ್, ಸರ್ವರ್ ಎರಡರಲ್ಲೂ ಆ ವ್ಯವಸ್ಥೆ ಇರಬೇಕು ಅಷ್ಟೇ.

### ಡೌನ್‌ಲೋಡ್ ಅರ್ಧಕ್ಕೆ ನಿಂತರೆ ಮೊದಲಿಂದ ಶುರು ಮಾಡಬೇಕಾ?

ಯಾವಾಗಲೂ ಅಲ್ಲ. 'ಇಷ್ಟನೇ ಬೈಟಿನಿಂದ ಮುಂದಕ್ಕೆ ಕೊಡು' ಎಂದು ಬ್ರೌಸರ್ ಕೇಳಬಹುದು. ಸರ್ವರ್ ಒಪ್ಪಿದರೆ 206 ಎಂಬ ಸಂಕೇತದೊಂದಿಗೆ ಉಳಿದದ್ದನ್ನಷ್ಟೇ ಕಳಿಸುತ್ತದೆ. ಈ ನಡುವೆ ಕಡತವೇ ಬದಲಾಗಿದ್ದರೆ ಹಳೆಯ ಅರ್ಧ, ಹೊಸ ಅರ್ಧ ಸೇರಿ ಕೆಟ್ಟುಹೋಗುತ್ತದೆ. ಹಾಗಾಗದಂತೆ ಕಡತದ ಗುರುತನ್ನೂ ಜೊತೆಗೆ ಕಳಿಸಿ ತಾಳೆ ನೋಡುತ್ತಾರೆ.

ಕ್ರೋಮ್‌ನಲ್ಲಿ ಅರ್ಧ ಬಂದ ಕಡತದ ಹೆಸರಿನ ಕೊನೆಯಲ್ಲಿ ಸಿಆರ್‌ಡೌನ್‌ಲೋಡ್ ಅಂತ ಇರುತ್ತದೆ, ಫೈರ್‌ಫಾಕ್ಸ್‌ನಲ್ಲಿ ಪಾರ್ಟ್ ಅಂತ. ಡೌನ್‌ಲೋಡ್ ನಡೆಯುತ್ತಿರುವಾಗ ಅದನ್ನು ಅಳಿಸಬೇಡಿ, ಹೆಸರೂ ಬದಲಿಸಬೇಡಿ. ಲಾಗಿನ್ ಆಗಿ ಇಳಿಸುವ ಪ್ರಮಾಣಪತ್ರ, ರಸೀದಿಗಳಿಗೆ ಈ ಅನುಕೂಲ ಸಿಗದೇ ಇರಬಹುದು. ಅವನ್ನು ಸರ್ವರ್ ಆಗಿಂದಾಗ ತಯಾರಿಸುತ್ತದೆ. ಪಿಡಿಎಫ್ ತೆರೆಯದಿದ್ದರೆ ಅದು ಅರ್ಧ ಬಂದಿದೆ ಎಂದೇ ತಿಳಿದು ಮತ್ತೆ ಇಳಿಸಿಕೊಳ್ಳಿ.

### ನೆಟ್ ಬಂದ ಕೂಡಲೇ ಪುಟ ತಾನಾಗಿ ಬರುತ್ತದೆಯೇ?

ಕ್ರೋಮ್‌ನಲ್ಲಿ ಡೈನೋಸಾರ್ ಇರುವ ಪುಟ ಬಂದಿದ್ದರೆ, ಹೌದು. 2014ರಲ್ಲಿ ಸೇರಿಸಿದ ಆ ಆಟ ಆಡುತ್ತಾ ಕುಳಿತರೂ ನೆಟ್ ಬಂದಾಗ ಪುಟ ತಾನಾಗಿ ಲೋಡ್ ಆಗುತ್ತದೆ. ಪುಟ ಅರ್ಧ ಬಂದು ನಿಂತಿದ್ದರೆ ಮಾತ್ರ ತಾನಾಗಿ ಮುಂದುವರಿಯುವುದಿಲ್ಲ. ನೀವೇ ರಿಫ್ರೆಶ್ ಮಾಡಬೇಕು.

### ರಿಫ್ರೆಶ್ ಮಾಡಿದರೂ ಪುಟ ಮತ್ತೆ ಹಾಗೇ ಮುರಿದು ಬರುತ್ತದೆ

ಕೆಟ್ಟ ಕಡತ ಕ್ಯಾಶ್‌ನಲ್ಲಿ, ಅಂದರೆ ಬ್ರೌಸರ್ ಹಿಂದೆ ತಂದು ಉಳಿಸಿಕೊಂಡ ಪ್ರತಿಗಳಲ್ಲಿ, ಕುಳಿತಿರಬಹುದು. ಸಾಮಾನ್ಯ ರಿಫ್ರೆಶ್‌ನಲ್ಲಿ ಬ್ರೌಸರ್ ಎಲ್ಲವನ್ನೂ ಹೊಸದಾಗಿ ತರುವುದಿಲ್ಲ, ಮೊದಲೇ ಇರುವುದನ್ನು ಬಳಸಿಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ಕಂಟ್ರೋಲ್, ಶಿಫ್ಟ್, ಆರ್ ಮೂರನ್ನೂ ಒಟ್ಟಿಗೆ ಒತ್ತಿ. ಆಗ ಕ್ಯಾಶ್ ಬಿಟ್ಟು ಎಲ್ಲವನ್ನೂ ಸರ್ವರ್‌ನಿಂದಲೇ ತರಿಸುತ್ತದೆ. ಫೋನಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಆ ಸೈಟಿನ ಡೇಟಾ ಅಳಿಸಬೇಕು. ಹಾಗೆ ಮಾಡಿದರೆ ಲಾಗಿನ್ ಹೋಗುತ್ತದೆ, ಪಾಸ್‌ವರ್ಡ್ ನೆನಪಿದ್ದರೆ ಮಾತ್ರ ಮಾಡಿ.

### ಸ್ಟೇಷನ್ ವೈ-ಫೈಗೆ ಸೇರಿದ್ದೇನೆ, ಯಾವ ಪುಟವೂ ಬರುತ್ತಿಲ್ಲ

ಬಹುಶಃ ಮೊಬೈಲ್ ನಂಬರ್ ಕೊಡುವ ಲಾಗಿನ್ ಪುಟ ಇನ್ನೂ ಕಂಡಿಲ್ಲ. ನೀವು ಕೇಳಿದ ಪುಟವನ್ನು ತಡೆದು ಅದರ ಜಾಗದಲ್ಲಿ ಲಾಗಿನ್ ಪುಟ ತೋರಿಸುವುದು ಆ ವೈ-ಫೈನ ಕೆಲಸ. ಸುರಕ್ಷಿತ ಸಂಪರ್ಕದಲ್ಲಿ ಬರುವ ಎಚ್‌ಟಿಟಿಪಿಎಸ್ ಪುಟವನ್ನು ಹಾಗೆ ಬದಲಾಯಿಸಲು ಬ್ರೌಸರ್ ಬಿಡುವುದಿಲ್ಲ. ಫೋನಿನ ವೈ-ಫೈ ಪಟ್ಟಿಗೆ ಹೋಗಿ ಆ ಹೆಸರಿನ ಮೇಲೆ ಒತ್ತಿದರೆ ಸಾಮಾನ್ಯವಾಗಿ ಲಾಗಿನ್ ಪುಟ ಬರುತ್ತದೆ. ಸರ್ಟಿಫಿಕೇಟ್ ಸರಿ ಇಲ್ಲ ಎಂಬ ಎಚ್ಚರಿಕೆ ಬಂದರೆ ದಾಟಿಕೊಂಡು ಹೋಗಬೇಡಿ.

### ನಾನು ಸೈಟ್ ಮಾಡುವವನು. ಓದುಗರಿಗೆ ಈ ತೊಂದರೆ ಆಗದಂತೆ ಏನು ಮಾಡಲಿ?

ಪ್ರತಿ ಅರ್ಜಿಗೂ ಪುಟ ತೋರಿಸುವಾಗಲೇ ಒಂದು ಗುರುತಿನ ಸಂಖ್ಯೆ ಕೊಡಿ. ಅದೇ ಸಂಖ್ಯೆಯ ಅರ್ಜಿ ಎರಡನೇ ಸಲ ಬಂದರೆ ಹೊಸದಾಗಿ ದಾಖಲಿಸದೆ ಮೊದಲಿನ ಉತ್ತರವನ್ನೇ ಕಳಿಸಿ. ಒಮ್ಮೆ ಒತ್ತಿದ ಬಟನ್ ಮಸುಕು ಮಾಡಿದರೆ ಸಾಲದು. ರಿಫ್ರೆಶ್ ಮಾಡಿದರೆ ಬಟನ್ ಮತ್ತೆ ಬರುತ್ತದೆ. ಅರ್ಜಿ ಸಿಕ್ಕಿದ ಮೇಲೆ ಬೇರೆ ಪುಟಕ್ಕೆ ಕಳಿಸಿ. 'ನನ್ನ ಅರ್ಜಿ ಬಂದಿದೆಯಾ' ಎಂದು ನೋಡುವ ಪುಟವೊಂದನ್ನು ಎದ್ದು ಕಾಣುವ ಹಾಗೆ ಇಡಿ, ಅದು ಹಗುರವಾಗಿರಲಿ, ಸ್ಕ್ರಿಪ್ಟ್ ಇಲ್ಲದೆಯೂ ತೆರೆಯಲಿ.

ಎನ್‌ಕೋಡಿಂಗ್ ಯಾವುದೆಂದು ಹೇಳುವ ಮೆಟಾ ಟ್ಯಾಗ್ ಪುಟದ ಮೊದಲ 1024 ಬೈಟಿನೊಳಗೆ ಇರಬೇಕು ಎಂದು ಎಚ್‌ಟಿಎಂಎಲ್ ಮಾನದಂಡ ಹೇಳುತ್ತದೆ. ಕನ್ನಡದ ಉದ್ದ ಶೀರ್ಷಿಕೆ ಅದಕ್ಕಿಂತ ಮೊದಲು ಬಂದರೆ, ಅಕ್ಷರಕ್ಕೆ 3 ಬೈಟಿನಂತೆ ಜಾಗ ಬೇಗ ಮುಗಿಯುತ್ತದೆ. ಶೀರ್ಷಿಕೆಗಿಂತ ಮೇಲೆ ಆ ಟ್ಯಾಗ್ ಹಾಕಿ. ಉದ್ದದ ಪಟ್ಟಿ ಪ್ರಕಟಿಸುವವರು ಮೇಲ್ಗಡೆ 'ಒಟ್ಟು 400 ಹೆಸರು' ಅಂತಲೂ, ಕೊನೆಯಲ್ಲಿ 'ಪಟ್ಟಿ ಇಲ್ಲಿಗೆ ಮುಗಿಯಿತು' ಅಂತಲೂ ಒಂದೊಂದು ಸಾಲು ಬರೆಯಿರಿ.